ಅರ್ಧ ಗುಂಡಿಯವರ ಮನೆತನ

ನಮ್ಮ ತಂದೆಯವರ ಹೆಸರನ್ನು ನನ್ನ ಹೆಂಡತಿ ವಿಮಲ ಮದುವೆಯಾದ ದಿನದಿಂದ ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಮಾವನ ಹೆಸರನ್ನು ಸೊಸೆ ಹೇಳಬಾರದೆಂಬುದು ನಮ್ಮ ಮನೆಯ ಪದ್ಧತಿ. ಮೈಸೂರಿನಲ್ಲಿ ಪೋಸ್ಟ್‌ಮನ್ ಬಾಗಿಲಲ್ಲಿ ನಿಂತು ಹೆಸರು ಕೇಳಿದರೆ "ನಮ್ಮ ಮಾವನವರದು, ಕೊಡಿ" ಎಂದು ಇಸಿದುಕೊಳ್ಳುತ್ತಿದ್ದಳೇ ಹೊರತು ಬೇರೆ ಮಾತಿಲ್ಲ. ಅಂಥವಳು ಡೆಟ್ರಾಯಿಟ್‌ನಲ್ಲಿ ವಿಮಾನ ಇಳಿದ ದಿನದಿಂದ ಮಿಸೆಸ್ ಸುಬ್ಬರಾಮಯ್ಯ ಆಗಿಬಿಟ್ಟಳು.

ತಪ್ಪು ಯಾರದೂ ಅಲ್ಲ. ನನ್ನ ಹೆಸರು ಎಚ್. ಎಸ್. ಶ್ರೀಕಂಠ. ಎಚ್ ಎಂದರೆ ನಮ್ಮೂರು, ಎಸ್ ಎಂದರೆ ನಮ್ಮಪ್ಪ, ಉಳಿದದ್ದು ನಾನು. ಅರವತ್ತರ ದಶಕದ ಕೊನೆಯಲ್ಲಿ ನಾನು ಅಮೆರಿಕಕ್ಕೆ ಬಂದಾಗ ಕಚೇರಿಯ ಹೆಣ್ಣುಮಗಳೊಬ್ಬಳು ನಿಮ್ಮ ಕೊನೆಯ ಹೆಸರೇನು ಎಂದು ಕೇಳಿದಳು. ಕೊನೆಯಲ್ಲಿ ಇರುವುದು ಶ್ರೀಕಂಠ, ಅದನ್ನೇ ಹೇಳಿದೆ. ಹಾಗಾದರೆ ಮೊದಲನೆಯದು? ಅದು ಊರು. ನಡುವಿನದು? ಅದು ಅಪ್ಪ. ಆಕೆ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. ಊರನ್ನೂ ಅಪ್ಪನನ್ನೂ ಮುಂದಿಟ್ಟುಕೊಂಡು ತಾನು ಹಿಂದೆ ನಿಂತ ಮನುಷ್ಯನನ್ನು ಆಕೆ ಅಲ್ಲಿಯವರೆಗೆ ನೋಡಿರಲಿಲ್ಲವೇನೋ. ಇಬ್ಬರೂ ಸೇರಿ ರಾಜಿ ಮಾಡಿಕೊಂಡೆವು. ಊರನ್ನು ಕೈಬಿಟ್ಟು, ನನ್ನನ್ನು ಮುಂದಕ್ಕೆ ತಂದು, ಅಪ್ಪನನ್ನು ಹಿಂದಕ್ಕೆ ಕಳಿಸಿದೆವು.

ನಮ್ಮಪ್ಪ ಹೈಸ್ಕೂಲಿನ ಹೆಡ್‌ಮಾಸ್ತರರಾಗಿದ್ದವರು. ಊರಿನಲ್ಲಿ ಅವರನ್ನು "ಮೇಷ್ಟ್ರೇ" ಎನ್ನದೆ ಹೆಸರು ಹಿಡಿದು ಕರೆಯುವ ಧೈರ್ಯ ಅಮಲ್ದಾರರಿಗೂ ಇರಲಿಲ್ಲ. ಡೆಟ್ರಾಯಿಟ್ ಪಕ್ಕದ ವಾರೆನ್ನಿನಲ್ಲಿದ್ದ ನಮ್ಮ ಕಾರು ಕಂಪನಿಯ ಡ್ರಾಯಿಂಗ್ ಹಾಲಿನಲ್ಲಿ ಮಾತ್ರ ಬೆಳಗಾದರೆ "ಹೇ ಸುಬ್ಬಾ, ಕಾಫಿ?" ಎಂದು ಹುಡುಗು ಮುಂಡೇವು ಕೂಗುತ್ತಿದ್ದವು. ಮೊದಮೊದಲು ನಾನು ಬೆಚ್ಚಿ ಹಿಂದೆ ತಿರುಗಿ ನೋಡುತ್ತಿದ್ದೆ. ವಿಮಲಳ ಸಂಕಟ ಇನ್ನೊಂದು ಬಗೆಯದು. "ಮಿಸೆಸ್ ಸುಬ್ಬರಾಮಯ್ಯ ಅಂದ್ರೆ ಅತ್ತೆಯವರು ಕಣ್ರೀ. ಅವರಿರೋವಾಗ ಅವರ ಜಾಗದಲ್ಲಿ ನಾನು ಕೂತ್ಕೊಂಡ್ರೆ ಏನ್ ಚೆನ್ನಾಗಿರುತ್ತೆ?" ಎಂದು ಅವಳು ಎಷ್ಟೋ ದಿನ ಗೊಣಗಿದಳು. ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ ಹೆಸರು ಕೂಗಿದಾಗ ಎದ್ದು ಹೋಗದೆ ಕೂತೇ ಇದ್ದು, ಟೆಸ್ಟು ತಪ್ಪಿಸಿಕೊಂಡು ಮನೆಗೆ ಬಂದಳು.

ಈ ದುಃಖವನ್ನು ನಾನು ಹೇಳಿಕೊಂಡದ್ದು ಪಕ್ಕದ ಡ್ರಾಯಿಂಗ್ ಬೋರ್ಡಿನ ಮ್ಯಾಕ್ಸ್ ಅವರ ಹತ್ತಿರ. ಕಾರಿನ ಬಾಗಿಲ ಹಿಡಿಕೆ ಅವರ ಕೆಲಸ, ಕಿಟಕಿಯ ಗಾಜು ಏರಿಸುವ ಹಿಡಿಕೆ ನನ್ನದು. ವಯಸ್ಸಿನಲ್ಲಿ ನನ್ನ ಚಿಕ್ಕಪ್ಪನಷ್ಟು ದೊಡ್ಡವರು. ಮುಖದಲ್ಲಿ ನಗು ಎಂಬುದು ಹಬ್ಬಕ್ಕೋ ಹುಣ್ಣಿಮೆಗೋ. ಅವರ ಮಾತನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಅವರಿಗೆ ನಾನೂ ಯೂ, ನನಗೆ ಅವರೂ ಯೂ. ಕನ್ನಡದಲ್ಲಿ ಅವರು ನನ್ನನ್ನು ಏಕವಚನದಲ್ಲಿ ಕರೆಯುತ್ತಾರೆ, ನಾನು ಬಹುವಚನದಲ್ಲಿ. ಇದೇ ಸರಿಯಾದ ಲೆಕ್ಕ.

ನನ್ನ ಕತೆ ಕೇಳಿ ಮ್ಯಾಕ್ಸ್ ಪೆನ್ಸಿಲ್ ಚೂಪು ಮಾಡಿಕೊಳ್ಳುತ್ತಾ, "ನಿನ್ನ ಹೆಸರು ನಿನಗೆ ಒಂದು ತಲೆಮಾರಿನಷ್ಟು ಹಿಂದೆ ಇದೆ, ಅಷ್ಟೇ ತಾನೇ? ನನ್ನ ಹೆಸರಿಗೆ ಮುಂದೆ ತಲೆಮಾರೇ ಇಲ್ಲ" ಎಂದರು. ಹಿಡಿಕೆಯ ಸ್ಕ್ರೂ ಸಡಿಲವಾಗಿದೆ ಎನ್ನುವ ಧ್ವನಿಯಲ್ಲೇ ಹೇಳಿದ್ದರಿಂದ ಅದು ದುಃಖದ ಮಾತೆಂದು ನನಗೆ ಹೊಳೆಯಲು ಸ್ವಲ್ಪ ಹೊತ್ತಾಯಿತು.

ಅವರ ಸರ್‌ನೇಮ್ ಹಾಲ್ಬ್‌ಕ್ನೋಫ್. ಇಡೀ ಹಾಲಿನಲ್ಲಿ ಆ ಹೆಸರನ್ನು ಮೊದಲ ಸಲಕ್ಕೇ ಸರಿಯಾಗಿ ಉಚ್ಚರಿಸಿದವನು ನಾನೊಬ್ಬನೇ, ನಮ್ಮ ಸ್ನೇಹ ಬೆಳೆದದ್ದೇ ಅಲ್ಲಿಂದ. ಅಮೆರಿಕನ್ನರು ಆ ಕ್ನೋ ಎಂಬಲ್ಲಿಗೆ ಬಂದು ಎಡವಿ, ಕಕಾರವನ್ನು ನುಂಗಿ ನೀರು ಕುಡಿಯುತ್ತಿದ್ದರು. ಜ್ಯೋತ್ಸ್ನಾ ಎಂಬ ಹೆಸರಿನ ಅತ್ತಿಗೆ ಇರುವ ನನಗೆ ಇದೊಂದು ದೊಡ್ಡದೇ? ಹಾಲ್ಬ್ ಎಂದರೆ ಜರ್ಮನ್ ಭಾಷೆಯಲ್ಲಿ ಅರ್ಧ, ಕ್ನೋಫ್ ಎಂದರೆ ಅಂಗಿಯ ಗುಂಡಿ. ಅಂದರೆ ಅರ್ಧ ಗುಂಡಿಯವರು.

ಇಂಥ ಹೆಸರು ಹೇಗೆ ಬಂತು ಎನ್ನುವುದಕ್ಕೆ ಸ್ವಲ್ಪ ಚರಿತ್ರೆಗೆ ಇಳಿಯಬೇಕು. ಪೂರ್ವ ಯೂರೋಪಿನ ಯಹೂದಿಗಳಲ್ಲಿ ಹೆಚ್ಚಿನವರಿಗೆ ಬಹಳ ಕಾಲ ಸರ್‌ನೇಮ್ ಇರಲಿಲ್ಲವಂತೆ. ಇಂಥವರ ಮಗ ಇಂಥವನು, ಅಷ್ಟೇ. ಅಂದರೆ ನಮ್ಮ ಹಾಗೆಯೇ, ಇನಿಶಿಯಲ್ ಒಂದು ಬಿಟ್ಟು. ಆಮೇಲೆ ಚಕ್ರವರ್ತಿಗಳಿಗೆ ತೆರಿಗೆ ಎತ್ತಬೇಕು, ಸೈನ್ಯಕ್ಕೆ ಜನ ಹಿಡಿಯಬೇಕು ಎನಿಸಿತು. ಮಗನ ಮಗನ ಮಗ ಎಂದು ಹುಡುಕುತ್ತಾ ಕೂರಲು ಯಾವ ಸರ್ಕಾರಕ್ಕೆ ಪುರುಸೊತ್ತಿದೆ? ಎಲ್ಲರೂ ಒಂದೊಂದು ಹೆಸರು ಇಟ್ಟುಕೊಳ್ಳಿ ಎಂದು ಹುಕುಂ ಆಯಿತು. ಊರೂರಿಗೆ ಗುಮಾಸ್ತ ಬಂದು ಮೇಜು ಹಾಕಿಕೊಂಡು ಕೂತ. ಅವನ ಕೈ ಬೆಚ್ಚಗೆ ಮಾಡಿದವರಿಗೆ ಚಿನ್ನ, ಗುಲಾಬಿ, ಬೆಟ್ಟ ಇತ್ಯಾದಿ ಸೇರಿದ ಅಂದದ ಹೆಸರು, ಮಾಡದವರಿಗೆ ಅವನ ಬಾಯಿಗೆ ಬಂದದ್ದು. ಓದಿದವರು ಈ ಲಂಚದ ಭಾಗವನ್ನು ಬರೀ ಕತೆ ಎನ್ನುತ್ತಾರಂತೆ. ನಮ್ಮ ತಾಲ್ಲೂಕು ಕಚೇರಿಗಳನ್ನು ಕಂಡಿರುವ ನನಗೆ ಅದೇ ಎಲ್ಲಕ್ಕಿಂತ ನಂಬುವಂತಿರುವ ಭಾಗ.

ಮ್ಯಾಕ್ಸ್ ಅವರ ವಂಶದ ಮೂಲಪುರುಷ ಈಗಿನ ಪೋಲೆಂಡಿನ ಕಡೆಯ ಯಾವುದೋ ಸಣ್ಣ ಊರಿನ ದರ್ಜಿ. ಬಡವ, ಆದರೆ ಮಾನವಂತ. ಲಂಚ ಕೊಡುವುದಿಲ್ಲ ಎಂದು ಗುಮಾಸ್ತನ ಮುಂದೆ ಎದೆ ಸೆಟೆಸಿ ನಿಂತನಂತೆ. ಸೆಟೆಸಿದ ಆ ಎದೆಯ ಮೇಲೆ ಕೋಟಿನ ಒಂದು ಗುಂಡಿ ಅರ್ಧ ಒಡೆದಿತ್ತು. ಗುಮಾಸ್ತ ಅದನ್ನು ನೋಡಿ ನಕ್ಕು, ಬರೆದೇ ಬಿಟ್ಟ. "ಹೆಸರು ಹೋದರೂ ಮಾನ ಉಳಿಸಿಕೊಂಡವರು ನಾವು" ಎಂದು ಮ್ಯಾಕ್ಸ್ ಕತೆ ಮುಗಿಸುತ್ತಿದ್ದರು. ಅವರಿಗೆ ಇದ್ದ ಒಂದೇ ಒಂದು ಪಿತ್ರಾರ್ಜಿತ ಆಸ್ತಿ ಈ ಕತೆ.

ಫಾರ್ಮಿಂಗ್ಟನ್ ಕಡೆ ಇದ್ದ ನಮ್ಮ ಹುಬ್ಬಳ್ಳಿಯ ಡಾಕ್ಟರು ಒಬ್ಬರಿಗೆ ನಾನು ಈ ಹೆಸರಿನ ವಿಚಿತ್ರವನ್ನು ಹೇಳಿದೆ. ಅವರಿಗೆ ಏನೂ ಅನಿಸಲಿಲ್ಲ. "ಇದರಾಗ ವಿಚಿತ್ರ ಏನೈತ್ರೀ? ನಾವು ಮೆಣಸಿನಕಾಯಿ. ನಮ್ಮ ಬೀಗರು ಉಳ್ಳಾಗಡ್ಡಿ. ನನ್ನ ಕಾಂಪೌಂಡರ ತುಪ್ಪದ ಅಂತ ಇದ್ದ. ಅರ್ಧಗುಂಡಿ ಅಂತ ಹುಬ್ಬಳ್ಳ್ಯಾಗ ಬೋರ್ಡ್ ಹಚ್ಚಿದ್ರ ಯಾರೂ ಹೊಳ್ಳಿ ಸೈತ ನೋಡಂಗಿಲ್ಲ" ಎಂದರು. ನಾನು ಮಾರನೆಯ ದಿನ ಇದನ್ನು ಮ್ಯಾಕ್ಸ್‌ಗೆ ಒಪ್ಪಿಸಿದೆ. ಅವರು, "ಹುಬ್ಬಳ್ಳಿಯಲ್ಲಿ ಟೆಲಿಫೋನ್ ಡೈರೆಕ್ಟರಿ ಸಿಗುತ್ತಾ?" ಎಂದು ಕೇಳಿದರು.

ಆ ಪ್ರಶ್ನೆಯ ಹಿಂದೆ ಅವರ ಜೀವಮಾನದ ಅಭ್ಯಾಸವಿತ್ತು. ಯಾವ ಊರಿಗೆ ಹೋಗಲಿ, ಹೋಟೆಲಿನ ಕೋಣೆಗೆ ಹೊಕ್ಕು ಟೋಪಿ ತೆಗೆಯುವ ಮೊದಲು ಅಲ್ಲಿನ ಡೈರೆಕ್ಟರಿ ಬಿಚ್ಚಿ ತಮ್ಮ ಹೆಸರು ಹುಡುಕುತ್ತಿದ್ದರು. ಕೊಹೆನ್‌ಗಳು ಪುಟಗಟ್ಟಲೆ ಇರುತ್ತಿದ್ದರು, ಗೋಲ್ಡ್‌ಬರ್ಗ್‌ಗಳು ಅಂಕಣಗಟ್ಟಲೆ. ಹಾಲ್ಬ್‌ಕ್ನೋಫ್ ಇರಬೇಕಾದ ಜಾಗದಲ್ಲಿ ಯಾವಾಗಲೂ ಬೇರೆ ಯಾರೋ. ಅವರ ತಂದೆಯ ಕಡೆಯವರಲ್ಲಿ ಯೂರೋಪಿನಲ್ಲಿ ಉಳಿದವರೆಲ್ಲ ಯುದ್ಧದ ಕಾಲದಲ್ಲಿ ಹೋದರು. ಹೇಗೆ ಹೋದರು ಎಂದು ನಾನು ಕೇಳಲಿಲ್ಲ, ಎಲ್ಲರಿಗೂ ಗೊತ್ತಿರುವುದೇ. ತಂದೆಯ ಅಣ್ಣ ಒಬ್ಬರು ಮಾತ್ರ ಬಹಳ ಮುಂಚೆಯೇ ಅಮೆರಿಕಕ್ಕೆ ಬಂದಿದ್ದರಂತೆ. ಅಣ್ಣತಮ್ಮಂದಿರು ಯಾವುದೋ ಹೊಲಿಗೆ ಮಿಷನ್ನಿನ ವಿಷಯಕ್ಕೆ ಜಗಳವಾಡಿ ಮಾತು ಬಿಟ್ಟಿದ್ದರಿಂದ, ಆ ದೊಡ್ಡಪ್ಪ ಯಾವ ಊರು ಸೇರಿದರು ಎನ್ನುವುದು ಯಾರಿಗೂ ತಿಳಿಯದು. ಮ್ಯಾಕ್ಸ್‌ಗೆ ಗಂಡುಮಕ್ಕಳಿಲ್ಲ. ಒಬ್ಬಳೇ ಮಗಳು ಸೂಸನ್, ಬೇಸಗೆಯಲ್ಲಿ ಅವಳ ಮದುವೆ, ಹುಡುಗ ಕೊಹೆನ್. "ಒಳ್ಳೇ ಹುಡುಗನೇ" ಎಂದರು ಮ್ಯಾಕ್ಸ್. "ಆದರೆ ಕೊಹೆನ್‌ಗಳಿಗೆ ಇನ್ನೊಬ್ಬಳು ಬೇಕಾಗಿತ್ತೇ?"

ನಾನು ನಗಬೇಕೋ ಬೇಡವೋ ತಿಳಿಯದೆ ಕಿಟಕಿಯ ಹಿಡಿಕೆ ಬರೆಯುತ್ತಾ ಕೂತೆ. ಅವರು ಹೋದ ಮೇಲೆ ಆ ಹೆಸರಿನ ಒಬ್ಬನೂ ಭೂಮಿಯ ಮೇಲೆ ಇರುವುದಿಲ್ಲ. ನಮ್ಮಲ್ಲಿ ಹೆಸರುಗಳಿಗೆ ಬರವಿಲ್ಲ. ಒಂದು ಕೇರಿಯಲ್ಲಿ ನಿಂತು ಸುಬ್ಬರಾಮಯ್ಯ ಎಂದು ಕೂಗಿದರೆ ಮನೆಗೊಬ್ಬರು ಹೊರಗೆ ಬರುತ್ತಾರೆ.

ಹೀಗಿರುವಾಗ ಯುಗಾದಿ ಹತ್ತಿರ ಬಂತು. ಆಗ ಡೆಟ್ರಾಯಿಟ್ ಕಡೆ ತೊಗರಿಬೇಳೆ, ಇಂಗು, ಒಳ್ಳೆಯ ಹುಣಸೆಹಣ್ಣು ಸಿಗುವುದು ಕಷ್ಟವಿತ್ತು. ಹಬ್ಬ ಬಂತೆಂದರೆ ನಾವೆಲ್ಲ ಕಾರು ತೆಗೆದುಕೊಂಡು ತೊಂಬತ್ತನಾಲ್ಕನೇ ಹೆದ್ದಾರಿ ಹಿಡಿದು ಶಿಕಾಗೋಗೆ ಹೋಗುತ್ತಿದ್ದೆವು. ಅಲ್ಲಿ ಡೆವಾನ್ ಎಂಬ ರಸ್ತೆಯಲ್ಲಿ ಹೊಸದಾಗಿ ನಮ್ಮವರ ಅಂಗಡಿಗಳು ಏಳುತ್ತಿದ್ದವು. ಮೊದಲಿನಿಂದ ಅದು ಯಹೂದಿಗಳ ರಸ್ತೆ. ಒಂದು ಅಂಗಡಿಯಲ್ಲಿ ಉಪ್ಪು ಹಾಕಿದ ಮೀನು, ಪಕ್ಕದ್ದರಲ್ಲಿ ಸೀರೆ, ಅದರ ಪಕ್ಕ ಅವರ ಧರ್ಮಗ್ರಂಥಗಳು, ಅದರ ಪಕ್ಕ ಹಪ್ಪಳ. ಆ ಶನಿವಾರ ಬೇಳೆಯ ಚೀಲ ಹೊತ್ತು ಕಾರಿನ ಕಡೆ ನಡೆಯುತ್ತಿದ್ದ ನಾನು ತಲೆಯೆತ್ತಿ ನೋಡಿದರೆ, ಮುಚ್ಚಿದ ಅಂಗಡಿಯೊಂದರ ಮೇಲೆ ಉದ್ದನೆಯ ಹಳೆಯ ಮರದ ಬೋರ್ಡು. ಬಣ್ಣ ಮಾಸಿದ ದಪ್ಪ ಅಕ್ಷರಗಳಲ್ಲಿ "ಹಾಲ್ಬ್‌ಕ್ನೋಫ್ ಅಂಡ್ ಸನ್ಸ್".

ಬೇಳೆಯ ಚೀಲ ಕೆಳಗೆ ಬಿತ್ತು. "ಪಕ್ಕದ ಅಂಗಡೀಲಿ ವಿಚಾರಿಸ್ರೀ" ಎಂದಳು ವಿಮಲ. ಶನಿವಾರ ಅಂಗಡಿ ಮುಚ್ಚಿದ್ದಾರೆಂದರೆ ಅಪ್ಪಟ ಸಂಪ್ರದಾಯಸ್ಥ ಯಹೂದಿಗಳು, ಶನಿವಾರ ಅವರು ವ್ಯವಹಾರ ಮುಟ್ಟುವುದಿಲ್ಲ, ವಿಚಾರಿಸುವುದಕ್ಕೆ ಇನ್ನೇನು ಉಳಿದಿದೆ ಎಂದು ಅವಳಿಗೆ ರಸ್ತೆಯಲ್ಲೇ ಪಾಠ ಮಾಡಿದೆ. ಅವಳು ಮೂಗು ಅರಳಿಸಿ, "ಒಳಗಿಂದ ಇಂಗಿನ ವಾಸನೆ ಬರ್ತಿದೆ" ಎಂದಳು. ನಮ್ಮ ಕೈಚೀಲದ ತುಂಬ ಇಂಗೇ ಇದೆ, ಬಾ ಎಂದೆ. ಹೆಡ್‌ಮಾಸ್ತರರ ಮಗ ನಾನು. ಅರ್ಧ ತಿಳಿದಿದ್ದನ್ನು ಪೂರ್ತಿ ತಿಳಿದವನ ಧ್ವನಿಯಲ್ಲಿ ಹೇಳುವುದು ರಕ್ತದಲ್ಲೇ ಬಂದಿದೆ.

ಸೋಮವಾರ ಮ್ಯಾಕ್ಸ್‌ಗೆ ಹೇಳಿದೆ. ಅವರು ನನ್ನ ಕೈಗೆ ಪೆನ್ಸಿಲ್ ಕೊಟ್ಟು ಬೋರ್ಡಿನಲ್ಲಿದ್ದಂತೆಯೇ ಬರೆಸಿದರು. ನೋಡಿದರು. ಹಿಡಿಕೆಯ ನಕ್ಷೆಯ ಕಡೆ ತಿರುಗಿ ಇಡೀ ಬೆಳಗ್ಗೆ ಒಂದೇ ಗೆರೆಯನ್ನು ಅಳಿಸಿ ಅಳಿಸಿ ಎಳೆದರು. ಊಟದ ಹೊತ್ತಿನಲ್ಲಿ ಶಿಕಾಗೋದ ಟೆಲಿಫೋನ್ ಆಪರೇಟರಿಗೆ ಫೋನ್ ಮಾಡಿ ಬಂದು, "ಆ ಹೆಸರಿನಲ್ಲಿ ಫೋನೇ ಇಲ್ಲವಂತೆ" ಎಂದರು. ನನ್ನ ಮುಖ ಬಾಡಿದ್ದು ನೋಡಿ, "ಇದಕ್ಕಿಂತ ಒಳ್ಳೇ ಸುದ್ದಿ ಇಲ್ಲ. ನಮ್ಮ ವಂಶದಲ್ಲಿ ಯಾರೂ ಯಾರಿಗೂ ಫೋನ್ ಮಾಡಿದವರಲ್ಲ" ಎಂದರು.

ಮುಂದಿನ ಭಾನುವಾರ ಹೊರಟೆವು. ಮ್ಯಾಕ್ಸ್ ಸೂಟು ಹಾಕಿ ಟೈ ಕಟ್ಟಿಕೊಂಡು ಬಂದಿದ್ದರು. ನಮ್ಮವರು ಹೆಣ್ಣು ನೋಡಲು ಹೋಗುವಾಗ ಕಾಣುವಂತೆ ಕಾಣುತ್ತಿದ್ದರು. ದಾರಿಯಲ್ಲಿ ವಿಮಲ ಪುಳಿಯೋಗರೆ ಡಬ್ಬ ಬಿಚ್ಚಿದಳು. ಮ್ಯಾಕ್ಸ್ ಮನೆಯಲ್ಲಿ ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ, ಒಂದಕ್ಕೊಂದು ತಗುಲುವಂತಿಲ್ಲ. ವಿಮಲಳಿಗೆ ಇದು ಮಡಿ ಮುಸುರೆಯ ಇನ್ನೊಂದು ಶಾಖೆ. ಈ ದೇಶದಲ್ಲಿ ತನ್ನ ಕಷ್ಟ ಅರ್ಥವಾಗುವುದು ಮ್ಯಾಕ್ಸ್ ಅವರ ಹೆಂಡತಿ ರೂತ್ ಒಬ್ಬರಿಗೇ ಎನ್ನುತ್ತಿದ್ದಳು. ನಮ್ಮ ಡಬ್ಬಿಯಲ್ಲಿ ಮಾಂಸದ ಮಾತೇ ಇಲ್ಲದ್ದರಿಂದ ಮ್ಯಾಕ್ಸ್ ಹಿಂದೆ ಮುಂದೆ ನೋಡದೆ ತಿನ್ನುತ್ತಿದ್ದರು. ಆ ದಿನ ಮಾತ್ರ ತುತ್ತು ಕೈಯಲ್ಲೇ ಉಳಿಯಿತು.

"ಅವರನ್ನು ಒಂದೇ ಒಂದು ಪ್ರಶ್ನೆ ಕೇಳ್ತೀನಿ" ಎಂದರು. "ಹೆಸರು ಹೇಗೆ ಬಂತು ಅಂತ. ಗುಂಡಿಯ ಕತೆ ಹೇಳಿದರೆ ನಮ್ಮವರು. ಹೇಳದಿದ್ದರೆ ಯಾರೋ ಬೇರೆ."

"ಬೇರೆಯವರಾಗಿದ್ರೆ?" ಎಂದು ವಿಮಲ ಮೆಲ್ಲಗೆ ಕೇಳಿದಳು.

"ಬೇರೆಯವರಾಗಿದ್ದರೆ ಬೋರ್ಡು ಚೆನ್ನಾಗಿದೆ ಅಂತ ಹೇಳಿ ವಾಪಸ್ ಬರೋಣ." ಅವರು ಕಿಟಕಿಯ ಕಡೆ ತಿರುಗಿದರು. "ನನ್ನ ಮಗಳ ಮದುವೆಗೆ ನನ್ನ ಕಡೆಯಿಂದ ಕರೆಯೋದಕ್ಕೆ ಯಾರೂ ಇಲ್ಲ ವಿಮಲ. ಒಂದು ಮೇಜೂ ತುಂಬಲ್ಲ."

ಅಂಗಡಿ ತೆರೆದಿತ್ತು. ಬಾಗಿಲು ತಳ್ಳಿದ ಕೂಡಲೇ ಇಂಗು, ಜೀರಿಗೆ, ಅಗರಬತ್ತಿ ಮೂರೂ ಒಟ್ಟಿಗೆ ಮುಖಕ್ಕೆ ಹೊಡೆದವು. ಅಕ್ಕಿಯ ಮೂಟೆಗಳು, ಗೋಡೆಯ ಮೇಲೆ ಹಾರ ಹಾಕಿದ ಲಕ್ಷ್ಮಿಯ ಪಟ. ಕೌಂಟರಿನ ಹಿಂದೆ ಹಣೆಗೆ ತಿಲಕವಿಟ್ಟು, ಕೈಯಿಲ್ಲದ ಸ್ವೆಟರ್ ಹಾಕಿದ ಒಬ್ಬರು ಕಡಲೆಬೇಳೆ ತೂಗುತ್ತಿದ್ದರು. ವಿಮಲ ನನ್ನನ್ನು ನೋಡಿದಳು. ನಾನು ಲಕ್ಷ್ಮಿಯನ್ನು ನೋಡಿದೆ. ಮ್ಯಾಕ್ಸ್‌ಗೆ ಇವು ಯಾವುವೂ ಕಾಣಲಿಲ್ಲವೋ, ಕಂಡರೂ ಬಿಡಲು ಮನಸ್ಸಿರಲಿಲ್ಲವೋ. ನೆಟ್ಟಗೆ ಹೋಗಿ ಕೈ ಚಾಚಿ, "ನಾನು ಹಾಲ್ಬ್‌ಕ್ನೋಫ್" ಎಂದರು.

"ನಾನೂ" ಎಂದರು ಆತ.

ಇಬ್ಬರೂ ಕೈ ಕುಲುಕಿದರು.

ಅಂಗಡಿಯವರ ನಿಜವಾದ ಹೆಸರು ರಮಣಿಕ್ ಭಾಯಿ ಪಟೇಲ್, ಗುಜರಾತಿನವರು. ಎರಡು ವರ್ಷದ ಹಿಂದೆ ಅಂಗಡಿ ಕೊಂಡಾಗ ಬೋರ್ಡು ಬದಲಾಯಿಸುವ ಗೋಜಿಗೆ ಹೋಗಿರಲಿಲ್ಲ. ಪೋಸ್ಟ್‌ಮನ್, ಬೀಟಿನ ಪೊಲೀಸು, ಬೀದಿಯ ಮುದುಕಿಯರು ಎಲ್ಲರೂ ಮಿಸ್ಟರ್ ಹಾಲ್ಬ್‌ಕ್ನೋಫ್ ಎಂದೇ ಕರೆಯತೊಡಗಿದರು, ಇವರೂ ಓಗೊಟ್ಟರು. "ಪಟೇಲ್ ಅಂದ್ರೆ ಯಾವ ಪಟೇಲ್ ಅಂತಾರೆ ಭಾಯಿಸಾಬ್. ಇದೇ ರಸ್ತೆಯಲ್ಲಿ ಎಷ್ಟು ಜನ! ಹಾಲ್ಬ್‌ಕ್ನೋಫ್ ಅಂದ್ರೆ ನಾನೊಬ್ಬನೇ" ಎಂದರು. ಬೋರ್ಡಿನಲ್ಲಿ ಸನ್ಸ್ ಎಂದೂ ಇದೆ, ತಮಗೆ ಇಬ್ಬರು ಗಂಡುಮಕ್ಕಳೂ ಇದ್ದಾರೆ, ಆದ್ದರಿಂದ ಸುಳ್ಳೇನೂ ಆಗಲಿಲ್ಲ ಎಂದರು. ಫೋನು ಪಟೇಲ್ ಹೆಸರಿನಲ್ಲಿದೆ. ನಾವು ಬಂದಿದ್ದ ಶನಿವಾರ ಭಾವಮೈದುನನನ್ನು ಕರೆತರಲು ಏರ್‌ಪೋರ್ಟಿಗೆ ಹೋಗಿದ್ದರಿಂದ ಅಂಗಡಿ ಮುಚ್ಚಿತ್ತು. ನನ್ನ ವಿದ್ವತ್ತೆಲ್ಲ ಹೀಗೆ ಒಂದೊಂದಾಗಿ ಕಳಚಿ ಬಿತ್ತು.

ಮ್ಯಾಕ್ಸ್ ಅಕ್ಕಿ ಮೂಟೆಯ ಮೇಲೆ ಕೂತರು. ಮುಖದಲ್ಲಿ ಏನೂ ಬದಲಾಗಲಿಲ್ಲ, ಟೈ ಮಾತ್ರ ಸಡಿಲ ಮಾಡಿಕೊಂಡರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಎಂಥ ಆಸೆ ಹುಟ್ಟಿಸಿ ಎಲ್ಲಿಗೆ ತಂದು ಕೂರಿಸಿದೆ! ವಿಮಲ ನೀರು ಕೇಳಿ ತಂದು ಕೊಟ್ಟಳು. ಗಾಬರಿಯಾಗಿದ್ದವರು ರಮಣಿಕ್ ಭಾಯಿ. ಸೂಟು ತೊಟ್ಟ ನಿಜವಾದ ಹಾಲ್ಬ್‌ಕ್ನೋಫ್ ಬಂದಿದ್ದಾರೆಂದರೆ ಇದು ಕೋರ್ಟಿನ ವಿಷಯವೇ ಇರಬೇಕೆಂದು ಅವರು ತೀರ್ಮಾನಿಸಿದ್ದರು. "ನಿಮ್ಮ ಹೆಸರು ಬಳಸಿದ್ದು ತಪ್ಪಾಯ್ತು ಸಾಹೇಬ್, ಈಗಲೇ ಇಳಿಸಿಬಿಡ್ತೀನಿ" ಎಂದು ಏಣಿ ಹುಡುಕತೊಡಗಿದರು.

ಮ್ಯಾಕ್ಸ್ ಕೈಸನ್ನೆಯಿಂದ ತಡೆದರು. ಅಷ್ಟು ದೂರ ಬಂದದ್ದಕ್ಕೆ ಕೇಳಿಯೇ ಬಿಡೋಣ ಎಂಬಂತೆ, "ಈ ಹೆಸರು ಹೇಗೆ ಬಂತು ಅಂತ ನಿಮಗೆ ಗೊತ್ತಾ?" ಎಂದರು.

"ಗೊತ್ತಿಲ್ಲದೆ ಏನು!" ಎಂದರು ರಮಣಿಕ್ ಭಾಯಿ. "ಗಿರಾಕಿಗಳು ದಿನಾ ಕೇಳ್ತಾರೆ. ನನಗೆ ಅಂಗಡಿ ಮಾರಿದವನು ಒಬ್ಬ ಗ್ರೀಕ್, ಇಲ್ಲಿ ಬೂಟು ಮಾರ್ತಿದ್ದ. ಅವನೂ ಇಪ್ಪತ್ತು ವರ್ಷ ಮಿಸ್ಟರ್ ಹಾಲ್ಬ್‌ಕ್ನೋಫೇ. ಅವನು ಕೊಂಡಿದ್ದು ಬೋರ್ಡು ಬರೆಸಿದ ಮುದುಕನ ಕೈಯಿಂದ. ದರ್ಜಿ. ಅಂಗಡಿ ಮಾರಿದ ಮೇಲೂ ಮುದುಕ ದಿನಾ ಬಂದು ಇದೇ ಕಿಟಕಿ ಹತ್ತಿರ ಕೂತು ಈ ಕತೆ ಹೇಳ್ತಿದ್ದನಂತೆ. ಗ್ರೀಕ್ ನನಗೆ ಬೀಗದ ಕೈ ಕೊಡುವಾಗ ಕತೆಯನ್ನೂ ಕೊಟ್ಟ."

ಕತೆ ಶುರುವಾಯಿತು. ಊರು ಅದೇ ಬಗೆಯದು, ಗುಮಾಸ್ತ ಅವನೇ, ದರ್ಜಿಯೂ ಅವನೇ. ಆದರೆ ಈ ದರ್ಜಿ ಎದೆ ಸೆಟೆಸಿ ನಿಲ್ಲಲಿಲ್ಲ. ನನಗೊಂದು ಚಿನ್ನದಂಥ ಹೆಸರು ಕೊಡಿ ಸ್ವಾಮಿ, ನಿಮಗೊಂದು ಹೊಸ ಕೋಟು ಹೊಲಿದು ಕೊಡುತ್ತೇನೆ ಎಂದು ತಾನೇ ಮೇಲೆ ಬಿದ್ದು ಒಪ್ಪಂದ ಮಾಡಿಕೊಂಡ. ಗುಮಾಸ್ತ ಹೋಗುವ ದಿನ ಬಂತು, ಕೋಟು ಬರಲಿಲ್ಲ. ಗಾಡಿ ಹೊರಡುವ ಹೊತ್ತಿಗೆ ದರ್ಜಿ ಏದುಸಿರು ಬಿಡುತ್ತಾ ಓಡಿಬಂದು ಕೊಟ್ಟ. ಗುಮಾಸ್ತ ತೊಟ್ಟು ನೋಡಿದರೆ ಗುಂಡಿಗಳು ಅರ್ಧದವರೆಗೆ ಮಾತ್ರ, ಕೆಳಗೆಲ್ಲ ಬೋಳು. ಅರ್ಧ ಗುಂಡಿಗೆ ಅರ್ಧ ಗುಂಡಿಯೇ ಹೆಸರು ಎಂದು ಬರೆದು ಗಾಡಿ ಹತ್ತಿದ. "ದರ್ಜಿಗಳು ಎಲ್ಲಾ ದೇಶದಲ್ಲೂ ಒಂದೇ ಸಾಹೇಬ್" ಎಂದು ರಮಣಿಕ್ ಭಾಯಿ ಮುಗಿಸಿದರು.

ನಾನು ಮ್ಯಾಕ್ಸ್ ಮುಖ ನೋಡುವ ಧೈರ್ಯ ಮಾಡಲಿಲ್ಲ. ಅವರ ವಂಶದ ಮಾನವಂತ ಪಿತಾಮಹ ಈಗಷ್ಟೇ ಲಂಚ ಕೊಡಹೋಗಿ, ಅದನ್ನೂ ನೆಟ್ಟಗೆ ಕೊಡಲಾರದೆ ಸಿಕ್ಕಿಬಿದ್ದಿದ್ದ. ಆಗ ಒಂದು ವಿಚಿತ್ರ ಸದ್ದು ಕೇಳಿಸಿತು. ಮ್ಯಾಕ್ಸ್ ನಗುತ್ತಿದ್ದರು. ಮೂಟೆ ಅಲುಗಾಡುವಂತೆ ನಗುತ್ತಿದ್ದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಇದೇ ನಿಜ" ಎಂದರು ಸುಧಾರಿಸಿಕೊಂಡು. "ಇದೇ ನಿಜವಾದ ಕತೆ. ಹೊರಗಿನವನು ಕಟ್ಟಿದ್ದರೆ ಚೆನ್ನಾಗಿರೋದನ್ನ ಕಟ್ಟುತ್ತಿದ್ದ. ತಮ್ಮ ಮುತ್ತಜ್ಜನ ಬಗ್ಗೆ ಇಂಥದ್ದು ಹೇಳೋರು ಮನೆಯವರು ಮಾತ್ರ." ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. "ನಮ್ಮಪ್ಪ ಏನಾದರೂ ಕೆಲಸ ಅರ್ಧಕ್ಕೆ ಬಿಟ್ಟರೆ ಅಮ್ಮ ಕೇಳ್ತಿದ್ದಳು, 'ಕೆಳಗಿನ ಗುಂಡಿ ಯಾರು ಹಾಕ್ತಾರೆ, ಗುಮಾಸ್ತನಾ?' ಅಂತ. ಅಪ್ಪ ಸಿಟ್ಟಾಗಿ ಎದ್ದುಹೋಗ್ತಿದ್ದ. ಅದೇನು ಮಾತು ಅಂತ ನನಗೆ ಇವತ್ತಿನವರೆಗೆ ಗೊತ್ತಿರಲಿಲ್ಲ."

ಅಂದರೆ ಕಿಟಕಿಯ ಹತ್ತಿರ ಕೂರುತ್ತಿದ್ದ ಆ ಮುದುಕ ಮ್ಯಾಕ್ಸ್ ಅವರ ದೊಡ್ಡಪ್ಪ. ಅನುಮಾನವೇ ಉಳಿಯಲಿಲ್ಲ. ಮ್ಯಾಕ್ಸ್ ಇನ್ನೂ ಕೇಳುವುದಿತ್ತು, ಕೇಳಿದರು. ಮುದುಕ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಗ್ರೀಕನೇ ಮುಂದೆ ನಿಂತು ಅವರ ಧರ್ಮದವರನ್ನು ಕರೆಸಿ ಮಣ್ಣು ಮಾಡಿಸಿದನಂತೆ. ಮತ್ತೆ ಸನ್ಸ್? ರಮಣಿಕ್ ಭಾಯಿ ಕಡಲೆಬೇಳೆಯ ಕಡೆ ನೋಡುತ್ತಾ ಹೇಳಿದರು. ಮುದುಕನಿಗೆ ಮದುವೆಯೇ ಆಗಿರಲಿಲ್ಲ. ಅಂಗಡಿ ತೆರೆದ ದಿನ ಮುಂದೆ ಆಗುತ್ತೆ ಎಂದು ಬರೆಸಿದ್ದಂತೆ.

"ಅರ್ಧಕ್ಕೆ ಬಿಟ್ಟ" ಎಂದರು ಮ್ಯಾಕ್ಸ್. ಈ ಸಲ ನಗಲಿಲ್ಲ.

ಅಲ್ಲಿಗೆ ಉತ್ತರ ಸಿಕ್ಕಿತ್ತು. ಯಾರನ್ನು ಹುಡುಕಿದೆವೋ ಅವರು ಸಿಕ್ಕಿದ್ದರು, ಬದುಕಿರಲಿಲ್ಲ ಅಷ್ಟೇ. ರಕ್ತಸಂಬಂಧದ ಲೆಕ್ಕದಲ್ಲಿ ಆ ಹೆಸರಿಗೆ ಮ್ಯಾಕ್ಸ್ ಅವರೇ ಕೊನೆಯವರು. ವಿಮಲ ಸೆರಗಿನಿಂದ ಕಣ್ಣೊರೆಸಿಕೊಂಡಳು, ನಾನು ಹೊರಗೆ ಹೋಗಿ ರಸ್ತೆ ನೋಡಿ ಬಂದೆ. ರಮಣಿಕ್ ಭಾಯಿ ಒಳಗಿನಿಂದ ಕಡೆಗೂ ಏಣಿ ತಂದರು. ಈ ಸಲ ಹೆದರಿಕೆಯಿಂದಲ್ಲ. "ನಿಮ್ಮ ದೊಡ್ಡಪ್ಪ ಬರೆಸಿದ ಬೋರ್ಡು ಸಾಹೇಬ್. ಇದು ನಿಮ್ಮ ಮನೇಲಿರಬೇಕು. ತಗೊಂಡು ಹೋಗಿ" ಎಂದರು. ನನಗೂ ಅದೇ ನ್ಯಾಯ ಎನಿಸಿ, ಎಂಜಿನಿಯರನಲ್ಲವೇ, ಕಾರಿನ ಮಾಡನ್ನು ಗೇಣು ಹಾಕಿ ಅಳೆದು, ಹಗ್ಗ ಎಲ್ಲಿ ಬಿಗಿಯಬೇಕೆಂದು ಯೋಚಿಸತೊಡಗಿದೆ.

ಮ್ಯಾಕ್ಸ್ ಫುಟ್‌ಪಾತಿನಲ್ಲಿ ನಿಂತು ತಲೆಯೆತ್ತಿ ಬೋರ್ಡನ್ನು ಬಹಳ ಹೊತ್ತು ನೋಡಿದರು. ಅಷ್ಟರಲ್ಲಿ ಮುದುಕಿಯೊಬ್ಬಳು ಕೈಗಾಡಿ ತಳ್ಳಿಕೊಂಡು ಬಂದು, "ಗುಡ್ ಆಫ್ಟರ್‌ನೂನ್ ಮಿಸ್ಟರ್ ಹಾಲ್ಬ್‌ಕ್ನೋಫ್" ಎಂದಳು. ಮ್ಯಾಕ್ಸ್ ಟೋಪಿ ಎತ್ತಿದರು. ಆಕೆ ಅವರನ್ನು ದಾಟಿ ಹೋಗಿ ರಮಣಿಕ್ ಭಾಯಿಯ ಹತ್ತಿರ ಅಕ್ಕಿಯ ವಿಷಯ ಮಾತಾಡತೊಡಗಿದಳು.

"ಏಣಿ ಒಳಗಿಡಿ" ಎಂದರು ಮ್ಯಾಕ್ಸ್. "ಡೆಟ್ರಾಯಿಟ್‌ನಲ್ಲಿ ಒಬ್ಬ ಹಾಲ್ಬ್‌ಕ್ನೋಫ್ ಆಗಲೇ ಇದ್ದಾನೆ. ಶಿಕಾಗೋದಲ್ಲೂ ಒಬ್ಬ ಇರಲಿ."

ಬೇಸಗೆಯಲ್ಲಿ ಸೂಸನ್ ಮದುವೆಯಾಯಿತು. ಕೊಹೆನ್ ಕಡೆಯವರು ನಿರೀಕ್ಷೆಯಂತೆ ಹಾಲಿನ ತುಂಬ ಇದ್ದರು. ಹೆಣ್ಣಿನ ತಂದೆಯ ಕಡೆಯವರಿಗೆಂದು ಮ್ಯಾಕ್ಸ್ ಹಟ ಹಿಡಿದು ಹಾಕಿಸಿದ್ದ ಒಂದು ಮೇಜಿನಲ್ಲಿ ರಮಣಿಕ್ ಭಾಯಿ, ಅವರ ಹೆಂಡತಿ, ಇಬ್ಬರು ಗಂಡುಮಕ್ಕಳು ಕೂತಿದ್ದರು. ಮೇಜು ತುಂಬಲೆಂದು ನಾನೂ ವಿಮಲಳೂ ಅಲ್ಲೇ ಕೂತೆವು. ಊಟದಲ್ಲಿ ನಮಗೆ ಆಗುವಂಥದ್ದು ಬ್ರೆಡ್ಡು, ಸೌತೆಕಾಯಿ ಮಾತ್ರ. ಹಾಗಾಗಿ ಇಡೀ ಮೇಜು ಬ್ರೆಡ್ಡು ಮುರಿಯುತ್ತಾ ಗಂಭೀರವಾಗಿತ್ತು. ಕೊಹೆನ್ ಕಡೆಯ ಹಿರಿಯ ಅಜ್ಜಿಯೊಬ್ಬರು ಕೋಲೂರಿಕೊಂಡು ಬಂದು, ವಿಮಲಳ ಮೈಸೂರು ಸಿಲ್ಕನ್ನೂ ರಮಣಿಕ್ ಭಾಯಿಯ ತಿಲಕವನ್ನೂ ನೋಡಿ, "ನೀವು ಗಂಡಿನ ಕಡೆಯವರೋ, ಹೆಣ್ಣಿನ ಕಡೆಯವರೋ?" ಎಂದು ವಿಚಾರಿಸಿದರು.

ರಮಣಿಕ್ ಭಾಯಿ ಎದ್ದು ನಿಂತು ಕೈ ಮುಗಿದು, "ನಾವು ಅಂಗಡಿ ಕಡೆಯವರು" ಎಂದರು.

ಅಜ್ಜಿ ತಲೆದೂಗಿದರು. ಮದುವೆ ಮನೆಗಳಲ್ಲಿ ಎಂಥೆಂಥ ಕಡೆಯವರನ್ನೋ ಕಂಡವರು. "ಹತ್ತಿರವೋ, ದೂರವೋ?" ಎಂದರು.

ರಮಣಿಕ್ ಭಾಯಿ ಮ್ಯಾಕ್ಸ್ ಕಡೆ ನೋಡಿದರು. ಮ್ಯಾಕ್ಸ್ ಪಕ್ಕದಲ್ಲೇ ನಿಂತಿದ್ದರು, ಮುಖದಲ್ಲಿ ನಗುವಿನ ಸುಳಿವಿಲ್ಲ.

"ಹತ್ತಿರ" ಎಂದರು. "ಇವರಿಗಿಂತ ಹತ್ತಿರದವರು ನನಗೆ ಯಾರೂ ಉಳಿದಿಲ್ಲ."

"ಅಷ್ಟು ಹತ್ತಿರದವರು ಇಲ್ಲಿ ಬ್ರೆಡ್ಡು ತಿಂತಾ ಕೂತಿದ್ದೀರಲ್ಲ!" ಎಂದು ಅಜ್ಜಿ ಕೋಲು ಕುಟ್ಟಿ ಗದರಿದರು. "ಏಳಿ, ಏಳಿ. ಮನೆಯವರ ಫೋಟೋ ತೆಗೀತಿದ್ದಾರೆ."